ಕಾರಿನ ಟಯರ್ ಪದೇ ಪದೇ ಪಂಚರ್: ಟಯರ್ ಬದಲಿಸಬೇಕಾ, ಬೇರೆ ಎಂತಾದರೂ ಕಾರಣ ಉಂಟಾ?

ನೀರ್ಚಾಲಿನವ

ಎಲ್ಲರಿಗೂ ನಮಸ್ಕಾರ. ನನ್ನದು ಕೆಎಲ್ 14ರ (ಕಾಸರಗೋಡು ರಿಜಿಸ್ಟ್ರೇಷನ್) ಒಂದು ಸಣ್ಣ ಪೆಟ್ರೋಲ್ ಕಾರು. ಟ್ಯೂಬ್‌ಲೆಸ್ ಟಯರ್, ಕಬ್ಬಿಣದ ಡಿಸ್ಕ್ (ಟಯರ್ ಕೂರಿಸುವ ಚಕ್ರ). ದಿನಾ ಮನೆಯಿಂದ ಕಾಸರಗೋಡು ಪೇಟೆಗೆ ಹೋಗಿ ಬರುವುದು, ಆಗೊಮ್ಮೆ ಈಗೊಮ್ಮೆ ಮಂಗಳೂರು. ಈ ಮಳೆಗಾಲ ಶುರುವಾದಲ್ಲಿಂದ ಪಂಚರ್ ಬಿಟ್ಟು ಬೇರೆ ಕಥೆಯೇ ಇಲ್ಲ. ಒಂದು ಚಕ್ರ ಸರಿ ಮಾಡಿಸಿ ಬಂದರೆ ಇನ್ನೊಂದು. ಹೆಚ್ಚಾಗಿ ಬೆಳಿಗ್ಗೆ ಆಫೀಸಿಗೆ ಹೊರಡುವ ಹೊತ್ತಿಗೇ ಗೊತ್ತಾಗುವುದು, ಚಕ್ರ ನೆಲಕ್ಕೆ ಕೂತಿರುತ್ತದೆ.

ಅಂಗಡಿಯವರು ನಾಲ್ಕೂ ಟಯರ್ ಬದಲಿಸಿ ಅನ್ನುತ್ತಾರೆ. ಗಾಡಿ ಓಡಿದ್ದು ಮೂವತ್ತು ಸಾವಿರ ಚಿಲ್ಲರೆ ಕಿಲೋಮೀಟರ್ ಅಷ್ಟೇ. ಗ್ರಿಪ್ ಇನ್ನೂ ಚೆನ್ನಾಗಿಯೇ ಉಂಟು. ಅಪ್ಪನಿಗೆ ಬೇರೆಯೇ ಸಂಶಯ. ದಾರಿಯ ವಿಷಯದಲ್ಲಿ ಪಕ್ಕದವರ ಜೊತೆ ಸ್ವಲ್ಪ ಮಾತು ಬಂದಿತ್ತು. ಅವರೇ ಮೊಳೆ ಹಾಕುತ್ತಾರೆ ಅಂತ ಹೇಳಿ ಸಿಸಿ ಕ್ಯಾಮೆರಾ ಹಾಕಿಸುವ ಮಟ್ಟಕ್ಕೆ ಬಂದಿದ್ದಾರೆ. ನನಗೆ ಅದರಲ್ಲಿ ನಂಬಿಕೆ ಇಲ್ಲ. ಗೊತ್ತಿರುವವರು ಹೇಳಿ.

ಹೊಸಂಗಡಿ ಹುಡುಗ

ಅಣ್ಣ, ಇದಕ್ಕೆ ಸಂಶೋಧನೆ ಬೇಕಾ? ತಲಪಾಡಿಯಿಂದ ಚೆಂಗಳದವರೆಗೆ 39 ಕಿಲೋಮೀಟರ್ ಹೈವೇ ಅಗೆದು ಕಟ್ಟಿದ್ದಾರೆ. ಕಂಬಿ ಕಟ್ಟುವ ಬೈಂಡಿಂಗ್ ವಯರ್, ಹಲಗೆಯ ಮೊಳೆ, ಕಬ್ಬಿಣದ ಚೂರು ಎಲ್ಲ ಸರ್ವಿಸ್ ರೋಡಿನ ಬದಿಗೆ ಬಂದು ಕೂತಿದೆ. ನಮ್ಮ ಮನೆಯ ಎರಡು ಬೈಕು, ಒಂದು ಕಾರು, ಯಾವುದೂ ಬಿಟ್ಟಿಲ್ಲ.

ಉಪ್ಪಳ ಟಯರ್ ಅಂಗಡಿ

ಈ ಕೆಲಸದಲ್ಲಿ ಸುಮಾರು ವರ್ಷದಿಂದ ಇದ್ದೇನೆ, ಹಾಗಾಗಿ ಮೊದಲು ಒಂದು ಮಾತು. "ಪಂಚರ್" ಅಂತ ಬರುವವರಲ್ಲಿ ಎಲ್ಲರಿಗೂ ಆಗಿರುವುದು ಪಂಚರ್ ಅಲ್ಲ. ಗಾಳಿ ಇಳಿದಿದೆ ಅಂತ ಮಾತ್ರ ಗೊತ್ತು. ಮೊಳೆ ಹೊಕ್ಕಿ ಗಾಳಿ ಹೋಗುವುದು ಬೇರೆ. ವಾಲ್ವ್‌ನಲ್ಲಿ ಹೋಗುವುದು ಬೇರೆ. ಟಯರ್ ಮತ್ತು ಡಿಸ್ಕ್ ಸೇರುವ ಅಂಚಿನಲ್ಲಿ ಹೋಗುವುದು ಬೇರೆ. ಮೂರಕ್ಕೂ ಮದ್ದು ಬೇರೆ ಬೇರೆ. ತೂತು ಎಲ್ಲಿ ಅಂತ ನೋಡದೆ ಟಯರ್ ಬದಲಿಸಿದರೆ ದುಡ್ಡು ಹೋಗುತ್ತದೆ, ಗಾಳಿಯೂ ಹೋಗುತ್ತದೆ.

ನೀವು ಇಷ್ಟು ಹೇಳಿ ಸರ್:

ಪ್ರತಿ ಸಲವೂ ಮೊಳೆ ಸಿಕ್ಕಿದೆಯಾ? ಇಲ್ಲ ಸುಮ್ನೆ ಗಾಳಿ ತುಂಬಿಸಿ ಕಳಿಸಿದರಾ?

ಯಾವ ಚಕ್ರ? ಒಂದೇ ಚಕ್ರವಾ, ಬೇರೆ ಬೇರೆಯಾ? ಹಿಂದಿನದಾ, ಮುಂದಿನದಾ?

ಸಿಕ್ಕಿದ ಮೊಳೆ ಹೇಗಿತ್ತು? ಹೊಸತಾ, ತುಕ್ಕು ಹಿಡಿದದ್ದಾ, ಸ್ಕ್ರೂವಾ?

ಒಂದೇ ರಾತ್ರಿಯಲ್ಲಿ ಪೂರ್ತಿ ಇಳಿಯುತ್ತದಾ, ಮೂರು ನಾಲ್ಕು ದಿನಕ್ಕೆ ಸ್ವಲ್ಪ ಸ್ವಲ್ಪ ಇಳಿಯುತ್ತದಾ?

ಇದಕ್ಕೆ ಉತ್ತರ ಸಿಕ್ಕಿದರೆ ಅರ್ಧ ಕೆಲಸ ಮುಗಿಯಿತು. ಅದು ಗೊತ್ತಾಗುವವರೆಗೆ ನಾಲ್ಕು ಟಯರಿಗೆ ದುಡ್ಡು ಕೊಡಬೇಡಿ. ಟಯರ್ ಮಾರುವವನೇ ಹೇಳುತ್ತಿದ್ದೇನೆ.

ಹೊಸಂಗಡಿ ಹುಡುಗ

ನಿಮ್ಮ ಅಂಗಡಿ ಹೇಗೆ ನಡೆಯುತ್ತದೆ ಮಾರಾಯ್ರೆ 😄

ಮುಳ್ಳೇರಿಯದ ಮಾಷ್ಟ್ರು

ಉಪ್ಪಳದವರು ಕೇಳಿದ್ದು ಸರಿಯಾದ ಪ್ರಶ್ನೆ. ನಾನು ಪಾಠ ಹೇಳುವವನು, ಮೆಕ್ಯಾನಿಕ್ ಅಲ್ಲ. ಆದರೂ ಲೆಕ್ಕದ ಒಂದು ವಿಷಯ ಸೇರಿಸುತ್ತೇನೆ.

ಯಾವ ತೂತೂ ಇಲ್ಲದ ಟಯರ್‌ನಲ್ಲೂ ಗಾಳಿ ಇಳಿಯುತ್ತದೆ. ರಬ್ಬರಿನ ಮೂಲಕವೇ ನಿಧಾನಕ್ಕೆ ಹೊರಗೆ ಹೋಗುತ್ತದೆ. ತಿಂಗಳಿಗೆ ಒಂದು ಎರಡು ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಕಡಿಮೆಯಾದರೆ ಅದು ರೋಗವಲ್ಲ. ಮೇಲಿಂದ ಚಳಿ ಬಿಸಿಲಿನ ಲೆಕ್ಕ ಉಂಟು. ಹತ್ತು ಡಿಗ್ರಿ ಸೆಲ್ಸಿಯಸ್ ತಂಪಾದರೆ ಹತ್ತಿರ ಹತ್ತಿರ ಎರಡು ಪಿಎಸ್‌ಐ ಇಳಿಯುತ್ತದೆ. ಏಪ್ರಿಲ್ ಮಧ್ಯಾಹ್ನದ ಸೆಕೆಗೆ ಪಂಪಿನಲ್ಲಿ 33 ತುಂಬಿಸಿ, ಆಮೇಲೆ ನೋಡದೆ ಬಿಟ್ಟು, ಜೂನ್ ತಿಂಗಳ ಮಳೆಯ ಬೆಳಿಗ್ಗೆ ಅಳೆದರೆ 28 ತೋರಿಸಬಹುದು. ಆಗ "ಪಂಚರ್" ಅಂತ ಓಡುವವರಿದ್ದಾರೆ. ಗಾಳಿ ನೋಡುವುದಿದ್ದರೆ ಬೆಳಿಗ್ಗೆ, ಗಾಡಿ ಓಡುವ ಮೊದಲೇ ನೋಡಬೇಕು. ಎಷ್ಟು ಬೇಕು ಅಂತ ಡ್ರೈವರ್ ಬಾಗಿಲು ತೆರೆದರೆ ಕಂಬದ ಮೇಲೆ ಸ್ಟಿಕ್ಕರ್‌ನಲ್ಲಿ ಬರೆದಿರುತ್ತದೆ. ಟಯರ್ ಮೇಲೆ ಬರೆದಿರುವ ದೊಡ್ಡ ಸಂಖ್ಯೆ ಅದಲ್ಲ, ಅದು ಟಯರ್ ತಡೆಯುವ ಗರಿಷ್ಠ ಮಿತಿ. ಅದನ್ನೇ ನೋಡಿ ತುಂಬಿಸಬಾರದು.

ಆದರೆ ನೀರ್ಚಾಲಿನವರ ಚಕ್ರ ನೆಲಕ್ಕೆ ಕೂರುತ್ತಿದೆ ಅಂದರೆ ಇದು ಹವೆಯ ಲೆಕ್ಕವಲ್ಲ. ಅದಂತೂ ಖಂಡಿತ.

ಟಯರ್ ವಯಸ್ಸು ಕಿಲೋಮೀಟರ್‌ನಲ್ಲಿ ಮಾತ್ರ ಇಲ್ಲ. ಬದಿಯಲ್ಲಿ ಡಿಓಟಿ ಅಂತ ಶುರುವಾಗುವ ಸಾಲು ಉಂಟು. ಅದರ ಕೊನೆಯ ನಾಲ್ಕು ಅಂಕಿ ನೋಡಿ. 3519 ಅಂತ ಇದ್ದರೆ 2019ರ 35ನೇ ವಾರ ಹುಟ್ಟಿದ್ದು. ಓಡದೆ ನಿಂತರೂ ರಬ್ಬರ್ ಗಟ್ಟಿಯಾಗಿ ಬಿರುಕು ಬಿಡುತ್ತದೆ.

ಕುಂಬಳೆ ಕಡಲ ಬದಿ

ನನ್ನ ಅನುಭವ ಬೇರೆ, ಕೇಳಿ. ನಮ್ಮ ಮನೆಯಿಂದ ಕಡಲಿಗೆ ಕಲ್ಲು ಬಿಸಾಡಿದರೆ ಬೀಳುವಷ್ಟು ದೂರ. ಮುಂದಿನ ಬಲ ಚಕ್ರದ ಗಾಳಿ ವಾರಕ್ಕೊಮ್ಮೆ ಇಳಿಯುತ್ತಿತ್ತು. ಮೊಳೆ ಇಲ್ಲ. ಅಂಗಡಿಯಲ್ಲಿ ಚಕ್ರವನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ತಿರುಗಿಸಿದರು, ಗುಳ್ಳೆಯೂ ಕಾಣಲಿಲ್ಲ. ಗಾಳಿ ಹಾಕಿ ಕಳಿಸಿದರು. ಪುನಃ ಅದೇ ಕಥೆ.

ಕೊನೆಗೆ ಮಂಗಳೂರಿನಲ್ಲಿ ಒಬ್ಬರು ಟಯರ್ ಪೂರ್ತಿ ಬಿಚ್ಚಿ ತೋರಿಸಿದರು. ಡಿಸ್ಕ್‌ನ ಒಳ ಅಂಚಿನಲ್ಲಿ, ಟಯರ್‌ನ ಬಾಯಿ ಕೂರುವ ಜಾಗದಲ್ಲಿ, ಪೇಂಟ್ ಎದ್ದು ತುಕ್ಕು ಹುಡಿ ಹುಡಿಯಾಗಿತ್ತು. ಆ ಹುಡಿಯ ಸಂದಿನಲ್ಲಿ ಗಾಳಿ ಹೋಗುತ್ತಿತ್ತು. ಅವರು ತಂತಿ ಬ್ರಷ್ ಹಾಕಿ ಉಜ್ಜಿ, ಮರಳು ಕಾಗದ ಹಾಕಿ ನುಣುಪು ಮಾಡಿ, ಅಂಚಿಗೆ ಬೀಡ್ ಸೀಲರ್ ಅನ್ನುವ ಕಪ್ಪು ಅಂಟು ಬಳಿದು ಟಯರ್ ಹಾಕಿದರು. ಆಮೇಲೆ ಆ ಚಕ್ರ ತಂಟೆ ಮಾಡಲಿಲ್ಲ.

ಉಪ್ಪು ಗಾಳಿಯ ಊರಿನಲ್ಲಿ ಕಬ್ಬಿಣದ ಡಿಸ್ಕ್ ಇರುವವರು ಇದನ್ನು ಮೊದಲು ನೋಡಬೇಕು. ಅಲಾಯ್ ಇದ್ದವರು ನಗಬೇಡಿ. ಅಲ್ಯೂಮಿನಿಯಂಗೂ ಬಿಳಿ ಹುಡಿ ಹಿಡಿಯುತ್ತದೆ, ಅದೂ ಗಾಳಿ ಬಿಡುತ್ತದೆ.

ಉಪ್ಪಳ ಟಯರ್ ಅಂಗಡಿ

ಕುಂಬಳೆಯವರು ಹೇಳಿದ್ದು ನೂರಕ್ಕೆ ನೂರು ಸರಿ. ತೊಟ್ಟಿಯಲ್ಲಿ ಯಾಕೆ ಕಾಣಲಿಲ್ಲ ಅಂದರೆ, ಅಂಚಿನ ಲೀಕ್ ಬಹಳ ಸಣ್ಣದಾಗಿರುತ್ತದೆ. ಗುಳ್ಳೆ ನಿಮಿಷಕ್ಕೊಂದು ಬರಬಹುದು. ನಮ್ಮ ಹುಡುಗರು ಅರ್ಧ ನಿಮಿಷವೂ ಕಾಯುವುದಿಲ್ಲ. ಚಕ್ರವನ್ನು ಮಲಗಿಸಿ ಅಂಚಿನ ಸುತ್ತ ಸೋಪು ನೀರು ಹೊಯ್ದು ಐದು ನಿಮಿಷ ಬಿಡಬೇಕು. ಸಣ್ಣ ಸಣ್ಣ ನೊರೆ ಏಳುತ್ತದೆ. ಆಮೇಲೆ ಮಗುಚಿ ಇನ್ನೊಂದು ಬದಿಯೂ ನೋಡಬೇಕು. ಒಳಬದಿಯಲ್ಲೇ ಜಾಸ್ತಿ ಇರುತ್ತದೆ, ಯಾಕೆಂದರೆ ಅಲ್ಲಿ ಯಾರೂ ತೊಳೆಯುವುದಿಲ್ಲ.

ಗುಂಡಿಗೆ ಬಿದ್ದು ಡಿಸ್ಕ್ ಬಗ್ಗಿದರೂ ಹೀಗೆಯೇ ಆಗುತ್ತದೆ. ಕಬ್ಬಿಣದ್ದಾದರೆ ತಟ್ಟಿ ಸರಿ ಮಾಡಬಹುದು. ಅಲಾಯ್‌ನಲ್ಲಿ ಕೂದಲಿನಷ್ಟು ಸಪೂರ ಬಿರುಕು ಬರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಅದಕ್ಕೆ ವೆಲ್ಡಿಂಗ್ ಮಾಡಿಸಿ ಹೈವೇಯಲ್ಲಿ ನೂರರಲ್ಲಿ ಹೋಗುವವರಿಗೆ ನನ್ನ ದೊಡ್ಡ ನಮಸ್ಕಾರ.

ವಾಲ್ವ್ ವಿಷಯ. ಟ್ಯೂಬ್‌ಲೆಸ್‌ನಲ್ಲಿ ವಾಲ್ವ್‌ನ ಕಾಲು ರಬ್ಬರಿನದ್ದು, ಡಿಸ್ಕ್‌ನ ತೂತಿಗೆ ಸಿಕ್ಕಿಸಿರುತ್ತಾರೆ. ಕೆಲವು ವರ್ಷದಲ್ಲಿ ಬುಡದಲ್ಲಿ ಬಿರಿಯುತ್ತದೆ. ಬೆರಳಿನಲ್ಲಿ ಆಚೆ ಈಚೆ ಬಗ್ಗಿಸಿ ಸೋಪು ನೀರು ಬಿಡಿ, ನೊರೆ ಬಂದರೆ ಕಳ್ಳ ಸಿಕ್ಕಿದ. ಒಳಗಿನ ಪಿನ್ ಸಡಿಲ ಇದ್ದರೂ ಗಾಳಿ ಹೋಗುತ್ತದೆ, ಅದನ್ನು ಟೂಲ್ ಹಾಕಿ ಬಿಗಿ ಮಾಡಿದರೆ ಸಾಕು. ಹೊಸ ಟಯರ್ ಹಾಕಿಸುವಾಗ ಹೊಸ ವಾಲ್ವ್ ಹಾಕಿಸಿ. ಚಹಾ ತಿಂಡಿಯ ದುಡ್ಡು. ಅದನ್ನೂ ಉಳಿಸುವವರಿದ್ದಾರೆ!

ಮತ್ತೆ ಕಡಲ ಬದಿಯವರು ವಾಲ್ವ್‌ಗೆ ಬಣ್ಣದ ಅಲ್ಯೂಮಿನಿಯಂ ಮುಚ್ಚಳ ಹಾಕಬೇಡಿ. ಉಪ್ಪು ಗಾಳಿಗೆ ಹಿತ್ತಾಳೆಯ ಜೊತೆ ಕಚ್ಚಿಕೊಳ್ಳುತ್ತದೆ. ಬಿಚ್ಚುವಾಗ ವಾಲ್ವೇ ಮುರಿದು ಬರುತ್ತದೆ. ಪ್ಲಾಸ್ಟಿಕ್ ಮುಚ್ಚಳವೇ ಒಳ್ಳೆಯದು.

ನೀರ್ಚಾಲಿನವ

ತುಂಬ ಉಪಕಾರ. ಉಪ್ಪಳದವರ ಪ್ರಶ್ನೆಗೆ ಉತ್ತರ:

ಹೆಚ್ಚಿನ ಸಲ ಮೊಳೆ ಸಿಕ್ಕಿದೆ. ಹಿಂದಿನ ಎಡ ಚಕ್ರ ಅತಿ ಜಾಸ್ತಿ, ಹಿಂದಿನ ಬಲ ಒಂದೆರಡು ಸಲ. ಒಂದೇ ತೂತು ಪುನಃ ಅಲ್ಲ, ಪ್ರತಿ ಸಲ ಬೇರೆ ಜಾಗ. ರಾತ್ರಿ ಬೆಳಗಾಗುವುದರೊಳಗೆ ಪೂರ್ತಿ ಇಳಿಯುತ್ತದೆ.

ಮುಂದಿನ ಎಡ ಚಕ್ರದಲ್ಲಿ ಮಾತ್ರ ಮೊಳೆ ಸಿಕ್ಕಿಲ್ಲ. ಅದು ಹತ್ತು ಹದಿನೈದು ದಿನಕ್ಕೆ ಮೆಲ್ಲ ಇಳಿಯುತ್ತದೆ. ನಾನು ಎಲ್ಲವನ್ನೂ ಒಂದೇ ಲೆಕ್ಕಕ್ಕೆ ಹಾಕಿದ್ದೆ.

ಮೊಳೆ ಎರಡು ಡ್ಯಾಶ್‌ಬೋರ್ಡ್‌ನಲ್ಲೇ ಇಟ್ಟಿದ್ದೆ. ಎರಡು ಎರಡೂವರೆ ಇಂಚಿನವು. ತಲೆ ಸವೆದಿಲ್ಲ. ಕಪ್ಪು ಬಣ್ಣ. ತುಕ್ಕು ಅನ್ನುವುದಕ್ಕಿಂತ ಮಸಿ ಹಿಡಿದ ಹಾಗೆ. ಅಪ್ಪ ಹೇಳುತ್ತಾರೆ ಬೇಕೆಂದೇ ಹಳೆ ಮೊಳೆ ಹಾಕಿದ್ದಾರೆ ಅಂತ.

ಉಪ್ಪಳ ಟಯರ್ ಅಂಗಡಿ

ಒಳ್ಳೆಯದಾಯಿತು ಮೊಳೆ ಇಟ್ಟುಕೊಂಡದ್ದು. ಎಲ್ಲರೂ ಬಿಸಾಡುತ್ತಾರೆ.

ತಲೆ ಸವೆದಿಲ್ಲ ಅಂದರೆ ಆ ಮೊಳೆ ಹೊಕ್ಕು ಜಾಸ್ತಿ ದೂರ ಓಡಿಲ್ಲ. ಹೈವೇಯಲ್ಲಿ ಹೊಕ್ಕ ಮೊಳೆಯಾದರೆ ಡಾಮರಿಗೆ ಉಜ್ಜಿ ತಲೆ ಬೆಳ್ಳಿಯ ಹಾಗೆ ಹೊಳೆಯುತ್ತದೆ. ಹೊಸಂಗಡಿಯ ತಮ್ಮ ಬೇಜಾರು ಮಾಡಬಾರದು, ಇದು ಹೈವೇಯ ಮೊಳೆ ಅಲ್ಲ. ಮನೆಯ ಹತ್ತಿರದ್ದೇ. ಕೊನೆಯ ನೂರು ಇನ್ನೂರು ಮೀಟರ್‌ನಲ್ಲಿ ಹೊಕ್ಕಿದ್ದು, ಅದಕ್ಕೇ ಬೆಳಿಗ್ಗೆ ಗೊತ್ತಾಗುವುದು.

ಹಿಂದಿನ ಚಕ್ರ ಯಾಕೆ ಅಂದರೆ, ನೆಲದಲ್ಲಿ ಮೊಳೆ ಮಲಗಿರುತ್ತದೆ. ಮಲಗಿದ ಮೊಳೆ ಹೊಗ್ಗುವುದಿಲ್ಲ. ಮುಂದಿನ ಚಕ್ರ ಅದನ್ನು ಎಬ್ಬಿಸುತ್ತದೆ, ಎದ್ದು ನಿಂತದ್ದು ಹಿಂದಿನ ಚಕ್ರಕ್ಕೆ ಸಿಗುತ್ತದೆ. ಎಡಬದಿ ಯಾಕೆ ಅಂದರೆ ನಾವು ರಸ್ತೆಯ ಎಡಕ್ಕೆ ಹೋಗುವವರು, ಕಸ ಎಲ್ಲ ಗುಡಿಸಿದ ಹಾಗೆ ಅಂಚಿಗೆ ಬಂದಿರುತ್ತದೆ. ನಮ್ಮ ಅಂಗಡಿಗೆ ಬರುವ ಕಾರುಗಳಲ್ಲಿ ಹಿಂದಿನ ಎಡ ಚಕ್ರದ್ದೇ ಜಾಸ್ತಿ. ಮಳೆಗಾಲದಲ್ಲಿ ಇನ್ನೂ ಜಾಸ್ತಿ. ನೀರು ಹರಿದು ಕಸ ರಸ್ತೆಗೆ ಬರುತ್ತದೆ. ಒದ್ದೆ ರಬ್ಬರಿಗೆ ಚೂಪಾದದ್ದು ಸುಲಭವಾಗಿ ಹೊಗ್ಗುತ್ತದೆ.

ಕಪ್ಪು ಮಸಿ ಅಂದಿರಲ್ಲ, ಅದರ ಮೇಲೆ ನನಗೆ ಒಂದು ಸಂಶಯ. ನಿಮ್ಮ ಮನೆಯಲ್ಲಿ ಬಚ್ಚಲ ಒಲೆಗೆ ಎಂತ ಉರಿಸುತ್ತೀರಿ?

ಹೊಸಂಗಡಿ ಹುಡುಗ

ಟಯರಿಗೂ ಸ್ನಾನಕ್ಕೂ ಎಂತ ಸಂಬಂಧ ಮಾರಾಯ್ರೆ!

ಉಪ್ಪಳ ಟಯರ್ ಅಂಗಡಿ

ಉಂಟು ತಮ್ಮ. ಮೊದಲೆಲ್ಲ ಒಲೆಗೆ ಸೋಗೆ, ಮಡಲು, ಕೊತ್ತಳಿಗೆ, ಗೆರಟೆ. ಈಗ ಮನೆ ಕಟ್ಟಿದ ಮೇಲೆ ಉಳಿದ ಸೆಂಟ್ರಿಂಗ್ ಹಲಗೆ (ಕಾಂಕ್ರೀಟ್ ಹೊಯ್ಯುವಾಗ ಅಡಿಗೆ ಕೊಡುವ ಹಲಗೆ), ಅಂಗಡಿಯಿಂದ ತಂದ ಪ್ಯಾಕಿಂಗ್ ಮರ ಎಲ್ಲ ಒಲೆಗೆ ಹೋಗುತ್ತದೆ. ಅದರಲ್ಲಿ ಮೊಳೆ ಇರುತ್ತದೆ. ಮರ ಸುಡುತ್ತದೆ, ಮೊಳೆ ಬೂದಿಯಲ್ಲಿ ಉಳಿಯುತ್ತದೆ. ಬೂದಿಯನ್ನು ತೆಂಗಿನ ಬುಡಕ್ಕೆ ಹಾಕಿದರೆ ತೊಂದರೆ ಇಲ್ಲ. ಮಳೆಗಾಲದಲ್ಲಿ ಗೇಟಿನ ಹತ್ತಿರ ಕೆಸರಾಗುತ್ತದೆ ಅಂತ ಬೂದಿ, ಹಂಚಿನ ಚೂರು ಹಾಕುತ್ತಾರಲ್ಲ, ಅಲ್ಲಿ ತೊಂದರೆ. ಸುಟ್ಟ ಮೊಳೆ ಕಪ್ಪಾಗಿರುತ್ತದೆ. ಇಂಥದ್ದು ನಾನು ಎಷ್ಟೋ ಮನೆಯಲ್ಲಿ ನೋಡಿದ್ದೇನೆ.

ಪೆರ್ಲದ ಅಕ್ಕ

ಅಯ್ಯೋ, ನಮ್ಮಲ್ಲಿ ಬೂದಿ ಅಲ್ಲ, ಶೀಟು. ಅಡಿಕೆ ಒಣಗಿಸಲಿಕ್ಕೆ ಅಂತ ತಾರಸಿ ಮೇಲೆ ಶೀಟಿನ ಮಾಡು ಹಾಕಿಸಿದೆವು. ಕೆಲಸದವರು ಹೋದ ಮೇಲೆ ಅಂಗಳ ತುಂಬ ಆ ಶೀಟಿಗೆ ಹೊಡೆಯುವ ಸ್ಕ್ರೂ. ತುದಿಯಲ್ಲಿ ಡ್ರಿಲ್ ಇರುತ್ತದಲ್ಲ, ಅದು. ಗುಡಿಸಿದರೂ ಮುಗಿಯುವುದಿಲ್ಲ, ಹುಲ್ಲಿನ ಎಡೆಯಲ್ಲಿ ಕೂತಿರುತ್ತದೆ. ಯಜಮಾನರ ಕಾರು, ಮಗನ ಸ್ಕೂಟರ್, ಹಾಲಿನವನ ಬೈಕು, ಯಾರಿಗೂ ವಿನಾಯಿತಿ ಇರಲಿಲ್ಲ.

ಮಗ ಒಂದು ಉಪಾಯ ಮಾಡಿದ. ಹಾಳಾದ ದೊಡ್ಡ ಸ್ಪೀಕರ್‌ನ ಮ್ಯಾಗ್ನೆಟ್ ಬಿಚ್ಚಿ, ಹಗ್ಗ ಕಟ್ಟಿ, ಪ್ಲಾಸ್ಟಿಕ್ ಚೀಲದೊಳಗೆ ಹಾಕಿ ಅಂಗಳದಲ್ಲಿ ಎಳೆದ. ಚೀಲ ಯಾಕೆ ಅಂದರೆ ಆಮೇಲೆ ಮಗುಚಿದರೆ ಮೊಳೆಯೆಲ್ಲ ಒಟ್ಟಿಗೆ ಬಿಡುತ್ತದೆ, ಒಂದೊಂದೇ ಕೀಳಬೇಕಾಗಿಲ್ಲ. ಸ್ಕ್ರೂ, ಮೊಳೆ, ಬ್ಲೇಡಿನ ತುಂಡು, ನನ್ನ ಕಳೆದುಹೋದ ಸೂಜಿ ಸಮೇತ ಬಂತು. ಮಣ್ಣು ಒಣಗಿದ ದಿನ ಮಾಡಿ. ಕೆಸರಿನಲ್ಲಿ ಸರಿಯಾಗಿ ಬರುವುದಿಲ್ಲ.

ನೀರ್ಚಾಲಿನವ

ಅಕ್ಕ, ಇದು ಒಳ್ಳೆ ಉಪಾಯ. ಉಪ್ಪಳದವರು ಹೇಳಿದ್ದು ಓದಿ ಅಮ್ಮನ ಹತ್ತಿರ ಕೇಳಿದೆ. ಮೇಲಿನ ಕೋಣೆ ಕಟ್ಟಿಸಿದಾಗಿನ ಸೆಂಟ್ರಿಂಗ್ ಹಲಗೆ ಕೊಟ್ಟಿಗೆಯಲ್ಲಿ ರಾಶಿ ಇತ್ತು. ಬೇಸಗೆಯಿಂದ ಅದನ್ನೇ ಉರಿಸುತ್ತಿದ್ದಾರಂತೆ. ಬೂದಿ ಎಲ್ಲಿ ಹಾಕುತ್ತೀರಿ ಅಂತ ಕೇಳಿದರೆ ಅಮ್ಮ ಗೇಟಿನ ಕಡೆ ಕೈ ತೋರಿಸಿದರು. ಭಾನುವಾರ ಮ್ಯಾಗ್ನೆಟ್ ಎಳೆದು ಹೇಳುತ್ತೇನೆ.

ಬಂದ್ಯೋಡಿನ ಪ್ರಯಾಣಿಕ

ನಡುವೆ ಬಾಯಿ ಹಾಕುತ್ತೇನೆ. ಇಷ್ಟೆಲ್ಲ ತಲೆಬಿಸಿ ಯಾಕೆ? ಟ್ಯೂಬ್‌ಲೆಸ್ ಒಳಗೆ ಟ್ಯೂಬ್ ಹಾಕಿಸಿ. ನಾನು ಹಾಕಿಸಿದ್ದೇನೆ. ಅಂಚಿನ ಲೀಕ್ ಇಲ್ಲ, ವಾಲ್ವ್ ಲೀಕ್ ಇಲ್ಲ. ಇಲ್ಲವಾದರೆ ನೈಟ್ರೋಜನ್ ಹಾಕಿಸಿ, ಇಳಿಯುವುದೇ ಇಲ್ಲ. ಇನ್ನೂ ಬೇಕಾದರೆ ಆ ಹಸಿರು ದ್ರವ ಉಂಟಲ್ಲ, ಸೀಲೆಂಟ್, ಅದನ್ನು ಸುರಿದು ಬಿಡಿ.

ಉಪ್ಪಳ ಟಯರ್ ಅಂಗಡಿ

ಟ್ಯೂಬ್ ಬೇಡ ಸರ್, ದಯವಿಟ್ಟು. ಟ್ಯೂಬ್‌ಲೆಸ್ ಟಯರ್‌ನ ಒಳಭಾಗ ಟ್ಯೂಬಿಗೆ ಅಂತ ಮಾಡಿದ್ದಲ್ಲ. ಒಳಗೆ ಟ್ಯೂಬ್ ಉಜ್ಜಿ ಬಿಸಿಯಾಗುತ್ತದೆ. ಟ್ಯೂಬ್‌ಲೆಸ್‌ಗೆ ಮೊಳೆ ಹೊಕ್ಕರೆ ಗಾಳಿ ಮೆಲ್ಲ ಹೋಗುತ್ತದೆ, ಅದೇ ಅದರ ದೊಡ್ಡ ಗುಣ. ಟ್ಯೂಬ್‌ಗೆ ಹೊಕ್ಕರೆ ಒಮ್ಮೆಲೇ ಖಾಲಿ. ತೊಂಬತ್ತರಲ್ಲಿ ಹೋಗುವಾಗ ಹಾಗಾದರೆ ಸ್ಟಿಯರಿಂಗ್ ಕೈಯಲ್ಲಿ ನಿಲ್ಲುವುದಿಲ್ಲ. ತುಕ್ಕಿನ ಡಿಸ್ಕ್ ಉಜ್ಜುವ ಕೆಲಸ ತಪ್ಪಿಸಲು ಟ್ಯೂಬ್ ತುರುಕುವವರನ್ನು ನಾನು ನೋಡಿದ್ದೇನೆ. ಅದು ರಿಪೇರಿ ಅಲ್ಲ.

ಸೀಲೆಂಟ್ ತುರ್ತಿಗೆ ಆಗಬಹುದು. ಅರ್ಧರಾತ್ರಿ ಎಲ್ಲೋ ಬಾಕಿಯಾದರೆ ಅಂಗಡಿಗೆ ತಲುಪಲು. ಸೈಡ್ ವಾಲ್ (ಟಯರ್‌ನ ಬದಿ) ಕೊಯ್ದದ್ದಕ್ಕೆ ಅದು ಪ್ರಯೋಜನವಿಲ್ಲ. ಹಾಕಿ ತಿಂಗಳುಗಟ್ಟಲೆ ಬಿಟ್ಟರೆ ಒಳಗೆ ಒಂದು ಬದಿಗೆ ಕೂತು ಚಕ್ರದ ಬ್ಯಾಲೆನ್ಸ್ ಹೋಗುತ್ತದೆ. ಬಿಚ್ಚುವ ನಮ್ಮ ಕೈಯ ಗತಿ ಕೇಳಬೇಡಿ.

ಮುಳ್ಳೇರಿಯದ ಮಾಷ್ಟ್ರು

ನೈಟ್ರೋಜನ್ ಬಗ್ಗೆ ನಾನು ಹೇಳುತ್ತೇನೆ. ನಾವು ಉಸಿರಾಡುವ ಗಾಳಿಯಲ್ಲೇ ನೂರಕ್ಕೆ 78 ಭಾಗ ನೈಟ್ರೋಜನ್. ಪೂರ್ತಿ ನೈಟ್ರೋಜನ್ ತುಂಬಿಸಿದರೆ ರಬ್ಬರ್ ಮೂಲಕ ಸೋರುವುದು ಸ್ವಲ್ಪ ಕಡಿಮೆ, ನೀರಿನ ಅಂಶವೂ ಇರುವುದಿಲ್ಲ. ಆದರೆ ಮೊಳೆಯ ತೂತಿಗೆ ನೈಟ್ರೋಜನ್, ಆಕ್ಸಿಜನ್ ಅಂತ ಭೇದ ಇಲ್ಲ. ನೈಟ್ರೋಜನ್ ತುಂಬಿಸಿದ ಚಕ್ರಕ್ಕೆ ಹಾಕುವ ಹಸಿರು ಮುಚ್ಚಳ ನೋಡಿ ಮೊಳೆ ಹೆದರುವುದಿಲ್ಲ.

ಬಂದ್ಯೋಡಿನ ಪ್ರಯಾಣಿಕ

ಮಾಷ್ಟ್ರೆ, ಸೋತೆ. ಆದರೆ ಟ್ಯೂಬ್ ಈಗಲೇ ತೆಗೆಸುವುದಿಲ್ಲ, ದುಡ್ಡು ಕೊಟ್ಟಾಗಿದೆ.

ಉಪ್ಪಳ ಟಯರ್ ಅಂಗಡಿ

ಟಯರ್ ಬದಲಿಸುವಾಗ ತೆಗೆಸಿ. ಅಲ್ಲಿಯವರೆಗೆ ಮೆಲ್ಲ ಹೋಗಿ.

ಕುಂಬಳೆ ಕಡಲ ಬದಿ

ಪಂಚರ್ ಹಾಕುವ ರೀತಿಯ ಬಗ್ಗೆಯೂ ಹೇಳಿ ಸರ್. ಹೊರಗಿನಿಂದ ಕಂದು ಬಣ್ಣದ ಸ್ಟ್ರಿಪ್ ತುರುಕುತ್ತಾರೆ, ಅದು ಎಷ್ಟು ದಿನ ನಿಲ್ಲುತ್ತದೆ? ಕೆಲವರು ಮಶ್ರೂಮ್ ಅನ್ನುತ್ತಾರೆ, ಮೂರು ನಾಲ್ಕು ಪಟ್ಟು ಜಾಸ್ತಿ ಕೇಳುತ್ತಾರೆ.

ಉಪ್ಪಳ ಟಯರ್ ಅಂಗಡಿ

ಸ್ಟ್ರಿಪ್ ಕೆಟ್ಟದ್ದು ಅಂತ ಹೇಳುವುದಿಲ್ಲ. ಸಣ್ಣ ನೇರ ತೂತಿಗೆ ಚೆನ್ನಾಗಿ ನಿಲ್ಲುತ್ತದೆ. ಆದರೆ ಹೊರಗಿನಿಂದ ಹಾಕುವಾಗ ಒಳಗೆ ಎಂತ ಆಗಿದೆ ಅಂತ ಕಾಣುವುದಿಲ್ಲ. ಮೊಳೆ ಓರೆಯಾಗಿ ಹೊಕ್ಕಿ ಒಳಗೆ ಇನ್ನೊಂದು ಜಾಗಕ್ಕೆ ಕುತ್ತಿರಬಹುದು. ತಂತಿಯ ತುಂಡು ಒಳಗೇ ಉಳಿದಿರಬಹುದು. "ಮೊನ್ನೆಯಷ್ಟೇ ಹಾಕಿಸಿದ್ದು, ಪುನಃ ಹೋಯಿತು" ಅಂತ ಬರುವವರ ಟಯರ್ ಬಿಚ್ಚಿದರೆ ಹೆಚ್ಚಾಗಿ ಇದೇ ಸಿಗುವುದು.

ಮಶ್ರೂಮ್ ಅಂದರೆ ಟಯರ್ ಬಿಚ್ಚಿ ಒಳಗಿನಿಂದ ಹಾಕುವುದು. ಕಾಲು ತೂತನ್ನು ತುಂಬುತ್ತದೆ, ಕೊಡೆ ಒಳಗೆ ಅಂಟುತ್ತದೆ. ನೀರು ಒಳಗೆ ಹೋಗುವುದಿಲ್ಲ. ಇದು ಯಾಕೆ ಮುಖ್ಯ ಅಂದರೆ ಟಯರ್ ಒಳಗೆ ಉಕ್ಕಿನ ತಂತಿಯ ಪದರ ಉಂಟು. ಸರಿಯಾಗಿ ಮುಚ್ಚದ ತೂತಿನಿಂದ ನೀರು ಹೋದರೆ ಆ ತಂತಿಗೆ ತುಕ್ಕು ಹಿಡಿಯುತ್ತದೆ. ನಮ್ಮ ಮಳೆಯಲ್ಲಿ ಅದಕ್ಕೆ ಜಾಸ್ತಿ ಸಮಯ ಬೇಡ.

ಎಲ್ಲಿ ಹಾಕಬಾರದು: ಸೈಡ್ ವಾಲ್‌ನಲ್ಲಿ, ಗ್ರಿಪ್ ಮುಗಿದು ಬದಿ ಶುರುವಾಗುವ ಭುಜದಲ್ಲಿ. ಅಲ್ಲಿ ಟಯರ್ ಯಾವಾಗಲೂ ಬಗ್ಗುತ್ತಿರುತ್ತದೆ, ಯಾವ ಅಂಟೂ ನಿಲ್ಲದು. ಆರು ಮಿಲಿಮೀಟರ್‌ಗಿಂತ ದೊಡ್ಡ ತೂತಿಗೂ ಹಾಕಬಾರದು. ಎರಡು ಪಂಚರ್ ಒಂದರ ಹತ್ತಿರ ಒಂದು ಇದ್ದರೆ ಆ ಟಯರ್ ಬಿಟ್ಟುಬಿಡಿ.

ಇನ್ನೊಂದು ವಿಷಯ, ಇದನ್ನು ಯಾರೂ ಕೇಳುವುದಿಲ್ಲ. ಗಾಳಿ ಇಲ್ಲದೆ ಎಷ್ಟು ದೂರ ಓಡಿಸಿದ್ದೀರಿ? "ಅಂಗಡಿ ಹತ್ತಿರವೇ ಇತ್ತು, ಮೆಲ್ಲ ತಂದೆ" ಅನ್ನುತ್ತಾರೆ. ಟಯರ್ ಬಿಚ್ಚಿದರೆ ಒಳಗೆ ಕಪ್ಪು ರಬ್ಬರ್ ಹುಡಿ ಇರುತ್ತದೆ, ಸೈಡ್ ವಾಲ್ ಒಳಗಿನಿಂದ ಅರೆದು ಹೋಗಿರುತ್ತದೆ. ಹೊರಗಿನಿಂದ ಚೆಂದವೇ ಕಾಣುತ್ತದೆ. ಅಂಥ ಟಯರಿಗೆ ಪಂಚರ್ ಹಾಕಿ ಕೊಟ್ಟರೆ ಅದು ಒಂದು ದಿನ ಹೈವೇಯಲ್ಲಿ ಒಡೆಯುತ್ತದೆ. ನಾನು ಹಾಕುವುದಿಲ್ಲ, ಬೈಗುಳ ತಿಂದರೂ ಅಡ್ಡಿಯಿಲ್ಲ.

ಮುಳ್ಳೇರಿಯದ ಮಾಷ್ಟ್ರು

ಸವೆತದ ಲೆಕ್ಕವೂ ಇರಲಿ. ಗ್ರಿಪ್‌ನ ಚರಂಡಿಯೊಳಗೆ ಸಣ್ಣ ಉಬ್ಬು ಇರುತ್ತದೆ. ಗ್ರಿಪ್ ಆ ಉಬ್ಬಿನ ಮಟ್ಟಕ್ಕೆ ಬಂದರೆ 1.6 ಮಿಲಿಮೀಟರ್ ಉಳಿದಿದೆ ಅಂತ ಅರ್ಥ. ನಮ್ಮ ಮೋಟಾರು ವಾಹನ ನಿಯಮದಲ್ಲೂ ಕಾರಿಗೆ ಅದೇ ಮಿತಿ. ಆದರೆ ಅಷ್ಟರವರೆಗೆ ಕಾಯುವುದು ನಮ್ಮ ಮಳೆಗೆ ಸರಿಯಲ್ಲ ಅಂತ ನನ್ನ ಅಭಿಪ್ರಾಯ. ಸವೆದಷ್ಟೂ ಮೊಳೆಗೆ ದಾರಿ ಸುಲಭ.

ನೋಡುವಾಗ ಹೊರಗಿನ ಅಂಚು ಮಾತ್ರ ನೋಡಬೇಡಿ. ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಮುಂದಿನ ಚಕ್ರದ ಒಳ ಅಂಚು ನೋಡಿ. ಅಲೈನ್‌ಮೆಂಟ್ (ಚಕ್ರಗಳು ನೇರ ನಿಲ್ಲುವ ಲೆಕ್ಕ) ತಪ್ಪಿದ್ದರೆ ಒಳಬದಿ ನುಣ್ಣಗೆ ಬೋಳಾಗಿ, ಕೆಲವೊಮ್ಮೆ ತಂತಿಯೇ ಕಾಣುತ್ತದೆ. ಚೆರ್ಕಳ ಜಾಲ್ಸೂರು ರಸ್ತೆಯಲ್ಲಿ ದಿನಾ ಹೋಗುವ ನನ್ನ ಸಹೋದ್ಯೋಗಿಯ ಕಾರಿನಲ್ಲಿ ಹಾಗಾಗಿತ್ತು. ಹೊರಗಿನಿಂದ ಹೊಸ ಟಯರಿನ ಹಾಗೆ ಇತ್ತು.

ನೀರ್ಚಾಲಿನವ

ಭಾನುವಾರದ ವರದಿ. ಅಕ್ಕನ ಉಪಾಯದ ಹಾಗೆ ಹಳೆ ಸ್ಪೀಕರ್ ಮ್ಯಾಗ್ನೆಟ್ ಎಳೆದೆ. ಅಂಗಳದಲ್ಲಿ ಅಷ್ಟಾಗಿ ಎಂತದೂ ಇಲ್ಲ. ಗೇಟಿನ ಹತ್ತಿರ ಬೂದಿ ಹಾಕಿದಲ್ಲಿ ಮುಷ್ಟಿ ತುಂಬ ಮೊಳೆ. ಎಲ್ಲ ಕಪ್ಪು. ಡ್ಯಾಶ್‌ಬೋರ್ಡ್‌ನಲ್ಲಿ ಇದ್ದದ್ದರ ಪಕ್ಕ ಇಟ್ಟು ನೋಡಿದೆ, ಅದೇ ಜಾತಿ. ಅಪ್ಪನಿಗೆ ತೋರಿಸಿದೆ. ಸ್ವಲ್ಪ ಹೊತ್ತು ನೋಡಿ, "ಕ್ಯಾಮೆರಾ ಹೇಗೂ ಇರಲಿ, ತೋಟಕ್ಕೆ ಹಂದಿ ಬರುತ್ತದೆ" ಅಂದರು. ಕ್ಯಾಮೆರಾ ಬಂದೇ ಬರುತ್ತದೆ.

ಉಳಿದ ಹಲಗೆಯ ಮೊಳೆ ಕಿತ್ತು ಉರಿಸುವುದು ಅಂತ ಆಗಿದೆ. ಬೂದಿ ಇನ್ನು ತೆಂಗಿನ ಬುಡಕ್ಕೆ ಮಾತ್ರ.

ಮುಂದಿನ ಎಡ ಚಕ್ರ ಮಾತ್ರ ಬೇರೆ. ವಾಲ್ವ್‌ಗೆ ಸೋಪು ನೀರು ಬಿಟ್ಟು ಬಗ್ಗಿಸಿದೆ, ಬುಡದಲ್ಲಿ ನೊರೆ ಬಂತು. ಹೊಸ ವಾಲ್ವ್ ಹಾಕಿಸಲು ನಾಳೆ ಹೋಗುತ್ತೇನೆ. ಹಿಂದಿನ ಎಡ ಟಯರ್‌ನಲ್ಲಿ ಎರಡು ಪಂಚರ್ ತೀರಾ ಹತ್ತಿರ ಹತ್ತಿರ ಇವೆ. ಅದೊಂದು ಬದಲಿಸಬೇಕಾ?

ಉಪ್ಪಳ ಟಯರ್ ಅಂಗಡಿ

ಅದನ್ನು ಬದಲಿಸಿ. ಒಂದೇ ಹಾಕಿದರೆ ಹಿಂದೆ ಎಡ ಬಲ ಸವೆತದಲ್ಲಿ ವ್ಯತ್ಯಾಸ ಬರುತ್ತದೆ. ಆಗುವುದಾದರೆ ಹಿಂದೆ ಎರಡೂ ಹೊಸತು ಹಾಕಿ, ತೆಗೆದದ್ದರಲ್ಲಿ ಒಳ್ಳೆಯದನ್ನು ಸ್ಟೆಪ್ನಿಗೆ ಇಡಿ. ಸೈಜ್ ಒಂದೇ ಇದ್ದರೆ ಮಾತ್ರ. ನಾಲ್ಕು ಬೇಡ. ವಾಲ್ವ್ ಹಾಕಿಸುವಾಗ ಆ ಡಿಸ್ಕ್‌ನ ಅಂಚೂ ನೋಡಲು ಹೇಳಿ, ಟಯರ್ ಹೇಗೂ ಬಿಚ್ಚುತ್ತಾರೆ.

ಹೊಸಂಗಡಿ ಹುಡುಗ

ಹೈವೇಗೆ ಬೈದದ್ದು ವಾಪಸ್ ತೆಗೆದುಕೊಳ್ಳುವುದಿಲ್ಲ. ಇವತ್ತು ಬೆಳಿಗ್ಗೆ ನನ್ನ ಬೈಕಿಗೆ ಬೈಂಡಿಂಗ್ ವಯರ್ ಹೊಕ್ಕಿತು. ತಲೆ ಹೊಳೆಯುತ್ತಿತ್ತು ಸರ್, ನೋಡಿದೆ 😄

ಮತ್ತೆ ಚಕ್ರದ ಗಾಳಿ ಮೊಬೈಲಿನಲ್ಲಿ ತೋರಿಸುವ ಸೆನ್ಸರ್ ಸಿಗುತ್ತದಲ್ಲ, ಅದು ಅಣ್ಣನಿಗೆ ಆಗಬಹುದಾ?

ಉಪ್ಪಳ ಟಯರ್ ಅಂಗಡಿ

ಆಗುತ್ತದೆ. ನಿಧಾನ ಲೀಕ್ ಮೊದಲೇ ಗೊತ್ತಾಗುತ್ತದೆ, ಖಾಲಿ ಟಯರ್‌ನಲ್ಲಿ ಓಡಿಸಿ ಹಾಳು ಮಾಡುವುದು ತಪ್ಪುತ್ತದೆ. ಆದರೆ ವಾಲ್ವ್ ಮುಚ್ಚಳದ ಜಾಗದಲ್ಲಿ ತಿರುಗಿಸಿ ಹಾಕುವ ಸೆನ್ಸರ್ ಆದರೆ ಅದು ಪಿನ್ನನ್ನು ಯಾವಾಗಲೂ ಒತ್ತಿ ಹಿಡಿದಿರುತ್ತದೆ. ಅದರ ಒಳಗಿನ ರಬ್ಬರ್ ರಿಂಗ್ ಹಾಳಾದರೆ ಸೆನ್ಸರೇ ಲೀಕ್ ಮಾಡುತ್ತದೆ. ಹಳೆ ರಬ್ಬರ್ ವಾಲ್ವ್ ಮೇಲೆ ಆ ಭಾರ ಬೇಡ. ಹೊಸ ವಾಲ್ವ್ ಹಾಕಿಸಿದ ಮೇಲೆ ಹಾಕಿ.

ಪೆರ್ಲದ ಅಕ್ಕ

ನನ್ನದೊಂದು ಪ್ರಶ್ನೆ ಬಾಕಿ. ತಂಗಿ ಹೊಸ ಕಾರು ತೆಗೆದುಕೊಂಡಳು. ಡಿಕ್ಕಿಯಲ್ಲಿ ಸ್ಟೆಪ್ನಿಯೇ ಇಲ್ಲ, ಒಂದು ಸಣ್ಣ ಗಾಳಿ ಪಂಪ್, ಒಂದು ಬಾಟಲಿ ಮಾತ್ರ. ಇದು ಮೋಸ ಅಲ್ವಾ? ನಮ್ಮ ಕಾರಿನಲ್ಲಿ ಸ್ಟೆಪ್ನಿ ಉಂಟು, ಆದರೆ ಬೇರೆ ಚಕ್ರಕ್ಕಿಂತ ಸಪೂರ. ಮೊನ್ನೆ ವಿಟ್ಲದ ಹತ್ತಿರ ಹಾಕಲಿಕ್ಕೆ ಹೊರಟರೆ ಅದರಲ್ಲೂ ಗಾಳಿ ಇರಲಿಲ್ಲ. ನಟ್ಟು ಬಿಡಿಸಲಿಕ್ಕೂ ಆಗಲಿಲ್ಲ. ಕೊನೆಗೆ ಒಬ್ಬರು ಜೀಪಿನವರು ನಿಂತು ಸಹಾಯ ಮಾಡಿದರು.

ಮುಳ್ಳೇರಿಯದ ಮಾಷ್ಟ್ರು

ಮೋಸ ಅಲ್ಲಮ್ಮ. 2020ರಲ್ಲಿ ನಿಯಮ ಬದಲಾಗಿದೆ. ಟ್ಯೂಬ್‌ಲೆಸ್ ಟಯರ್, ಗಾಳಿ ಕಡಿಮೆಯಾದರೆ ತಿಳಿಸುವ ವ್ಯವಸ್ಥೆ ಮತ್ತು ರಿಪೇರಿ ಕಿಟ್ ಇದ್ದರೆ ಕಂಪನಿಯವರು ಸ್ಟೆಪ್ನಿ ಕೊಡಲೇಬೇಕು ಅಂತ ಇಲ್ಲ. ನಮ್ಮ ಗುಡ್ಡೆ ರಸ್ತೆಗೆ ಅದು ಸಾಲದು ಅನ್ನುವುದು ಬೇರೆ ಮಾತು. ಸೈಡ್ ವಾಲ್ ಕೊಯ್ದರೆ ಆ ಬಾಟಲಿಯಿಂದ ಎಂತ ಪ್ರಯೋಜನ? ತಂಗಿಗೆ ಡಿಕ್ಕಿಯಲ್ಲಿ ಜಾಗ ಇದ್ದರೆ ಒಂದು ಸ್ಟೆಪ್ನಿ ತೆಗೆಸಿಕೊಳ್ಳಲು ಹೇಳಿ.

ಉಪ್ಪಳ ಟಯರ್ ಅಂಗಡಿ

ಅಕ್ಕ, ಸಪೂರ ಸ್ಟೆಪ್ನಿ ಅಂಗಡಿಗೆ ತಲುಪಲು ಮಾತ್ರ. ಅದರ ಮೇಲೆಯೇ ಎಷ್ಟು ವೇಗ, ಎಷ್ಟು ಗಾಳಿ ಅಂತ ಬರೆದಿರುತ್ತದೆ. ಕೆಲವಕ್ಕೆ ಗಾಳಿ 60 ಪಿಎಸ್‌ಐವರೆಗೆ ಬೇಕು, ವೇಗ 80ರ ಒಳಗೆ. ಪಂಪಿನಲ್ಲಿ ಗಾಳಿ ಹಾಕಿಸುವಾಗ ಐದನೆಯ ಚಕ್ರವನ್ನೂ ಹೊರಗೆ ತೆಗೆದು ತೋರಿಸಿ. ಹುಡುಗರು ಮುಖ ಸಿಂಡರಿಸುತ್ತಾರೆ, ಪರವಾಗಿಲ್ಲ.

ನಟ್ಟು ಬಿಡಿಸುವುದಾದರೆ ಜಾಕಿ ಏರಿಸುವ ಮೊದಲೇ, ಚಕ್ರ ನೆಲದಲ್ಲಿ ಇರುವಾಗ ಅರ್ಧ ತಿರುವು ಸಡಿಲ ಮಾಡಬೇಕು. ಎತ್ತಿದ ಮೇಲೆ ಚಕ್ರವೇ ತಿರುಗುತ್ತದೆ. ಕಾರಿನ ಜೊತೆ ಬರುವ ಸ್ಪಾನರ್ ಗಿಡ್ಡ. ಅದಕ್ಕೆ ಸಿಕ್ಕಿಸಲು ಒಂದೂವರೆ ಅಡಿಯ ಕಬ್ಬಿಣದ ಪೈಪ್ ತುಂಡು ಡಿಕ್ಕಿಯಲ್ಲಿ ಇಟ್ಟುಕೊಳ್ಳಿ, ನಿಮ್ಮ ಕೈಯಲ್ಲೂ ಸುಲಭವಾಗಿ ಬರುತ್ತದೆ. ಬಿಡಿಸಲು ಮಾತ್ರ ಪೈಪ್. ಬಿಗಿ ಮಾಡುವಾಗ ಪೈಪ್ ಹಾಕಬೇಡಿ, ಬೋಲ್ಟ್ ತುಂಡಾಗುತ್ತದೆ. ಒಂದರ ಎದುರು ಒಂದು ನಟ್ಟು ಅಂತ ಬಿಗಿ ಮಾಡಿ, ಸ್ವಲ್ಪ ದೂರ ಹೋದ ಮೇಲೆ ನಿಲ್ಲಿಸಿ ಪುನಃ ಒಮ್ಮೆ ನೋಡಿ.